ಮೌನಾ ಲೋವಾದ ಗಾಳಿಲೆಕ್ಕ: ಹೆಚ್ಚಾದ ಇಂಗಾಲ ಎಲ್ಲಿಂದ ಬಂತು?

ಹವಾಯಿಯ ಮೌನಾ ಲೋವಾ ಜ್ವಾಲಾಮುಖಿಯ ಉತ್ತರದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ 3,397 ಮೀಟರ್ ಎತ್ತರದಲ್ಲಿ, ಒಂದು ವೀಕ್ಷಣಾಲಯವಿದೆ. ಸುತ್ತ ಕಣ್ಣು ಹಾಯುವಷ್ಟು ದೂರ ಕಪ್ಪು ಲಾವಾ ಕಲ್ಲು. ಊರಿಲ್ಲ, ಮರವಿಲ್ಲ, ಕಾರ್ಖಾನೆಯಿಲ್ಲ. ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರ ಮಾರ್ಚ್‌ನಲ್ಲಿ ಅಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರ ಕೂರಿಸಿದರು. ಮೊದಲು ಸಿಕ್ಕ ಅಂಕಿ 313 ಪಿಪಿಎಂ. ಅಂದರೆ ಒಣಗಾಳಿಯ ಹತ್ತು ಲಕ್ಷ ಅಣುಗಳನ್ನು ಎಣಿಸಿದರೆ ಅದರಲ್ಲಿ 313 ಈ ಅನಿಲದ್ದು. 2024ರ ವಾರ್ಷಿಕ ಸರಾಸರಿ 424 ದಾಟಿದೆ. ಅಂಟಾರ್ಕ್ಟಿಕಾದಲ್ಲಿ ಕೊರೆದು ತೆಗೆದ ಹಿಮದ ಕಂಬಗಳಲ್ಲಿ ಸಿಕ್ಕಿಬಿದ್ದ ಹಳೆಯ ಗಾಳಿಗುಳ್ಳೆಗಳ ಪ್ರಕಾರ ಕಾರ್ಖಾನೆಗಳ ಕಾಲಕ್ಕೆ ಮುಂಚೆ ಇದ್ದದ್ದು ಸುಮಾರು 280. ಅದಕ್ಕೂ ಹಿಂದಿನ 8 ಲಕ್ಷ ವರ್ಷಗಳಲ್ಲಿ ಅದು 300ರ ಆಸುಪಾಸನ್ನು ಮೀರಿದ್ದಿಲ್ಲ.

ಏರಿದೆ ಎಂಬುದಕ್ಕೆ ತಕರಾರಿಲ್ಲ. ತಕರಾರು ಇರುವುದು ಏರಿಸಿದ್ದು ಯಾರು ಎಂಬುದಕ್ಕೆ. ಸಮುದ್ರವೇ ಬಿಸಿಯಾಗಿ ಅನಿಲ ಉಗುಳಿರಬಹುದಲ್ಲ? ಜ್ವಾಲಾಮುಖಿಗಳಿರಬಹುದಲ್ಲ? ಕೊಳೆಯುವ ಕಾಡು ಇರಬಹುದಲ್ಲ? ಇವು ಉಡಾಫೆಯ ಪ್ರಶ್ನೆಗಳಲ್ಲ, ಒಂದೊಂದಕ್ಕೂ ಅಳತೆಯಿಂದಲೇ ಉತ್ತರ ಕೊಡಬೇಕಾಗುತ್ತದೆ. ಭೂಮಿಯ ಬಿಸಿಗೆ ಮನುಷ್ಯ ಹೊಣೆಯೇ ಎಂಬ ದೊಡ್ಡ ಪ್ರಶ್ನೆಯ ಬುಡ ಇರುವುದೂ ಇಲ್ಲಿಯೇ.

ಜ್ವಾಲಾಮುಖಿಯ ಮೇಲೆ ಕೂತು ಅಳೆಯುವುದು

ಮೊದಲು ಕೇಳಿಬರುವ ಆಕ್ಷೇಪವೇ ಇದು: ಬೆಟ್ಟವೇ ಅನಿಲ ಬಿಡುತ್ತದೆ, ಅದರ ಮೇಲೆ ಕೂತು ಅಳೆದರೆ ಅಂಕಿ ಹೆಚ್ಚದೆ ಇನ್ನೇನು? ಬೆಟ್ಟದ ತುದಿಯ ಬಿರುಕುಗಳಿಂದ ಅನಿಲ ಹೊರಬರುವುದು ನಿಜ. ರಾತ್ರಿ ಇಳಿಜಾರು ತಣಿದು ಗಾಳಿ ಕೆಳಮುಖವಾಗಿ ಹರಿಯುವಾಗ ಆ ಅನಿಲ ಒಮ್ಮೊಮ್ಮೆ ಯಂತ್ರಕ್ಕೆ ಗಾಳಿ ಎಳೆಯುವ ಕೊಳವೆಯ ಬಾಯಿಗೂ ತಲುಪುತ್ತದೆ. ಆದರೆ ಅದು ಬರುವ ರೀತಿಯೇ ಬೇರೆ. ನಿಮಿಷದಿಂದ ನಿಮಿಷಕ್ಕೆ ಅಂಕಿ ಹಾರಾಡುತ್ತದೆ, ಸ್ವಲ್ಪ ಹೊತ್ತಿನಲ್ಲಿ ಕೆಳಗಿಳಿಯುತ್ತದೆ. ಸಾವಿರಾರು ಕಿಲೋಮೀಟರ್ ಸಾಗರ ದಾಟಿ ಬಂದ ಗಾಳಿ ಹೀಗಿರುವುದಿಲ್ಲ. ಅದು ದಾರಿಯಲ್ಲೇ ಚೆನ್ನಾಗಿ ಬೆರೆತು ಬಂದಿರುತ್ತದೆ, ಇಡೀ ಗಂಟೆ ಅಳೆದರೂ ಅಂಕಿ ಅಲುಗುವುದು ಒಂದು ಪಿಪಿಎಂನ ಸಣ್ಣ ಭಾಗದಷ್ಟು. ಅದಕ್ಕೇ ಒಂದು ಗಂಟೆಯೊಳಗಿನ ನಿಮಿಷದ ಅಂಕಿಗಳ ಚದುರುವಿಕೆ 0.3 ಪಿಪಿಎಂಗಿಂತ ಹೆಚ್ಚಿದ್ದರೆ ಆ ಗಂಟೆಗೆ ಗುರುತು ಹಾಕಿ, ಹಿನ್ನೆಲೆ ಸರಾಸರಿಯಿಂದ ಬಿಡುತ್ತಾರೆ.

ಇದಕ್ಕೆ ತದ್ವಿರುದ್ಧವಾದ ತೊಂದರೆ ಮಧ್ಯಾಹ್ನದ್ದು. ಬಿಸಿಲಿಗೆ ಇಳಿಜಾರು ಕಾದು ಕೆಳಗಿನ ಕಾಡಿನ ಗಾಳಿ ಮೇಲೇರುತ್ತದೆ. ಆ ಗಾಳಿಯಲ್ಲಿದ್ದ ಇಂಗಾಲವನ್ನು ಎಲೆಗಳು ಆಗಲೇ ಹೀರಿರುತ್ತವೆ, ಹಾಗಾಗಿ ಅಂಕಿ ಇರಬೇಕಾದ್ದಕ್ಕಿಂತ ಕಡಿಮೆ ಬರುತ್ತದೆ. ಆ ಗಂಟೆಗಳನ್ನೂ ಬಿಡುತ್ತಾರೆ. ಹೆಚ್ಚು ತೋರಿಸುವ ಗಂಟೆಗೂ ಕಡಿಮೆ ತೋರಿಸುವ ಗಂಟೆಗೂ ಒಂದೇ ನಿಯಮ ಅನ್ನುವುದನ್ನು ಆಕ್ಷೇಪ ಎತ್ತುವವರು ಗಮನಿಸಬೇಕು. ಜ್ವಾಲಾಮುಖಿಯೇ ಇಲ್ಲದ ದಕ್ಷಿಣ ಧ್ರುವದ ಕೇಂದ್ರದಲ್ಲೂ ಇದೇ ಏರಿಕೆ ಕಾಣುತ್ತದೆ.

ಯಂತ್ರದ ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ಅಂಕಿಗಳ ಮೇಲೆ ನಂಬಿಕೆ ಏಕೆ ಹುಟ್ಟುತ್ತದೆ ಎಂಬುದು ತಿಳಿಯುತ್ತದೆ. ಗೋಪುರದ ಮೇಲಿಂದ ಕೊಳವೆ ಗಾಳಿಯನ್ನು ಎಳೆದು ತರುತ್ತದೆ. ಮೊದಲ ಕೆಲಸ ಅದರ ತೇವ ತೆಗೆಯುವುದು. ಮೈನಸ್ 70 ಡಿಗ್ರಿಯಷ್ಟು ತಣ್ಣಗಿನ ಕೊಳವೆಯೊಳಗೆ ಹಾಯಿಸಿದಾಗ ನೀರಾವಿಯೆಲ್ಲ ಹೆಪ್ಪುಗಟ್ಟಿ ಗೋಡೆಗೆ ಅಂಟುತ್ತದೆ. ಈ ಹಂತ ಬಿಟ್ಟರೆ ಏನಾಗುತ್ತದೆ? ಗಾಳಿಯಲ್ಲಿ ನೂರಕ್ಕೆ 2 ಭಾಗ ನೀರಾವಿಯಿದ್ದರೆ ಉಳಿದ ಅನಿಲಗಳೆಲ್ಲ ಅಷ್ಟೇ ತೆಳುವಾಗುತ್ತವೆ. 420 ಇರಬೇಕಾದ ಅಂಕಿ 412ಕ್ಕೆ ಇಳಿಯುತ್ತದೆ. ಸುಮಾರು ಮೂರೂವರೆ ವರ್ಷದ ಏರಿಕೆಯನ್ನು ಬರೀ ತೇವವೇ ನುಂಗಿಹಾಕುತ್ತದೆ. ಸಾಲದ್ದಕ್ಕೆ ನೀರಾವಿಯೂ ಅವಕೆಂಪು ಬೆಳಕನ್ನು ಹೀರುವುದರಿಂದ ಯಂತ್ರ ಇನ್ನಷ್ಟು ದಾರಿತಪ್ಪುತ್ತದೆ.

ಒಣಗಿದ ಗಾಳಿ ಒಂದು ಚಿಕ್ಕ ಕೋಶಕ್ಕೆ ಹೋಗುತ್ತದೆ. ಒಂದು ಬದಿಯಿಂದ ಅವಕೆಂಪು ಬೆಳಕು ಬಿಡುತ್ತಾರೆ, ಇನ್ನೊಂದು ಬದಿಗೆ ಎಷ್ಟು ತಲುಪಿತು ಎಂದು ಅಳೆಯುತ್ತಾರೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದಷ್ಟೂ ತಲುಪುವ ಬೆಳಕು ಕಡಿಮೆ. ಭೂಮಿಯ ಶಾಖವನ್ನು ಗಾಳಿಯಲ್ಲಿ ತಡೆಯುವುದೂ ಈ ಅನಿಲದ ಇದೇ ಗುಣ. 2019ರಲ್ಲಿ ಇದರ ಜಾಗಕ್ಕೆ ಲೇಸರ್ ಯಂತ್ರ ಬಂದಿದೆ. ಆದರೆ ಬೆಳಕಿನ ಯಂತ್ರ ತಾನಾಗಿ ಪಿಪಿಎಂ ಹೇಳುವುದಿಲ್ಲ, ಅದು ಹೇಳುವುದು ವಿದ್ಯುತ್ ಸಂಕೇತವನ್ನು. ಆ ಸಂಕೇತಕ್ಕೆ ಅರ್ಥ ಕೊಡುವುದು ಪಕ್ಕದಲ್ಲಿ ಸಾಲಾಗಿ ನಿಂತಿರುವ ಸಿಲಿಂಡರ್‌ಗಳು. ಅವುಗಳಲ್ಲಿ ಇಂಗಾಲದ ಪ್ರಮಾಣ ಮೊದಲೇ ಗೊತ್ತಿರುವ ಒಣಗಾಳಿ ಇರುತ್ತದೆ: ಒಂದರಲ್ಲಿ ನಿರೀಕ್ಷಿತ ಮಟ್ಟಕ್ಕಿಂತ ಸ್ವಲ್ಪ ಕಡಿಮೆ, ಒಂದರಲ್ಲಿ ಹತ್ತಿರ, ಒಂದರಲ್ಲಿ ಸ್ವಲ್ಪ ಹೆಚ್ಚು. ಹೊರಗಿನ ಗಾಳಿಯ ನಡುನಡುವೆ ಇವನ್ನೂ ಅದೇ ಕೋಶಕ್ಕೆ ಹಾಯಿಸಿ, ತಕ್ಕಡಿಗೆ ಬಟ್ಟು ಇಟ್ಟು ನೋಡುವಂತೆ ನೋಡುತ್ತಾರೆ.

ಆ ಸಿಲಿಂಡರ್‌ಗಳ ಪ್ರಮಾಣವನ್ನು ಗೊತ್ತುಮಾಡುವುದಕ್ಕೆ ಬೆಳಕನ್ನು ನಂಬುವುದಿಲ್ಲ. ನಿಗದಿತ ಗಾತ್ರದ ಗಾಳಿಯನ್ನು ದ್ರವ ನೈಟ್ರೋಜನ್ನಿನಿಂದ ತಣಿಸಿ, ಇಂಗಾಲದ ಡೈಆಕ್ಸೈಡನ್ನು ಗಟ್ಟಿಯಾಗಿಸಿ ಬೇರ್ಪಡಿಸುತ್ತಾರೆ. ಅದನ್ನು ಮತ್ತೆ ಅನಿಲವಾಗಿಸಿ ಸಣ್ಣ ಕೋಶದಲ್ಲಿ ಒತ್ತಡ ಅಳೆಯುತ್ತಾರೆ. ಬೇಕಾದದ್ದು ಗಾತ್ರ, ಒತ್ತಡ, ತಾಪ ಮಾತ್ರ. ಇಲ್ಲೂ ಒಂದು ಪಾಠ ಕಲಿಯಬೇಕಾಯಿತು. ಆರಂಭದ ವರ್ಷಗಳ ಸಿಲಿಂಡರ್‌ಗಳಲ್ಲಿ ಗಾಳಿಯ ಬದಲು ನೈಟ್ರೋಜನ್ ತುಂಬಿ, ಅದಕ್ಕೆ ಇಂಗಾಲದ ಡೈಆಕ್ಸೈಡ್ ಬೆರೆಸಿದ್ದರು. ಅಕ್ಕಪಕ್ಕ ಆಮ್ಲಜನಕದ ಅಣುಗಳು ಇದ್ದಾಗ ಮತ್ತು ಇಲ್ಲದಾಗ ಈ ಅನಿಲ ಬೆಳಕು ಹೀರುವುದರಲ್ಲಿ ಅಲ್ಪ ವ್ಯತ್ಯಾಸವಿದೆ. ಅಷ್ಟರಿಂದಲೇ ಕೆಲವು ಪಿಪಿಎಂ ತಪ್ಪು ನುಸುಳಿತು. ತಪ್ಪು ಗೊತ್ತಾದ ಮೇಲೆ ಹಳೆಯ ಅಂಕಿಗಳನ್ನೆಲ್ಲ ಸರಿಪಡಿಸಿದರು, ಮುಂದೆ ಗಾಳಿಯನ್ನೇ ತುಂಬತೊಡಗಿದರು.

ಈ ಅಳತೆಯಲ್ಲಿ ಮೊದಲು ಕಂಡದ್ದು ಏರಿಕೆಯಲ್ಲ, ಭೂಮಿಯ ಉಸಿರು. ಮೇ ತಿಂಗಳಲ್ಲಿ ಅಂಕಿ ತುದಿ ಮುಟ್ಟುತ್ತದೆ. ಉತ್ತರ ಗೋಳಾರ್ಧದ ಕಾಡು, ಹೊಲಗಳೆಲ್ಲ ಚಿಗುರಿ ಬೆಳೆಯುತ್ತಿದ್ದಂತೆ ಇಳಿಯತೊಡಗಿ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಸುಮಾರು 6 ಪಿಪಿಎಂ ಕೆಳಗೆ ಬಂದಿರುತ್ತದೆ. ಮತ್ತೆ ಏರುತ್ತದೆ. ಪ್ರತಿ ವರ್ಷದ ಮೇ ಹಿಂದಿನ ಮೇಗಿಂತ ಮೇಲೆ.

ಜಮಾ ಮತ್ತು ಖರ್ಚು

ಇಡೀ ಪ್ರಕರಣದಲ್ಲಿ ಅತ್ಯಂತ ಗಟ್ಟಿ ವಾದ ಐಸೋಟೋಪಿನದ್ದೂ (ಒಂದೇ ಧಾತುವಿನ, ತೂಕ ಬೇರೆಯಾದ ಪರಮಾಣುಗಳು) ಅಲ್ಲ, ಕಂಪ್ಯೂಟರ್ ಮಾದರಿಯದ್ದೂ ಅಲ್ಲ. ಅದು ಬರೀ ಕೂಡಿಸಿ ಕಳೆಯುವ ಲೆಕ್ಕ.

ಗಾಳಿಯಲ್ಲಿ 1 ಪಿಪಿಎಂ ಏರಬೇಕಾದರೆ ಸುಮಾರು 780 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಸೇರಬೇಕು. 2013ರಿಂದ 2022ರವರೆಗಿನ ಹತ್ತು ವರ್ಷಗಳಲ್ಲಿ ವರ್ಷಕ್ಕೆ ಸರಾಸರಿ 2.4 ಪಿಪಿಎಂ ಏರಿತು, ಅಂದರೆ ಸುಮಾರು 1,900 ಕೋಟಿ ಟನ್. ಅದೇ ಅವಧಿಯಲ್ಲಿ ಕಲ್ಲಿದ್ದಲು, ಎಣ್ಣೆ, ನೈಸರ್ಗಿಕ ಅನಿಲ ಮತ್ತು ಸಿಮೆಂಟಿನಿಂದ ನಾವು ವರ್ಷಕ್ಕೆ ಹೊರಬಿಟ್ಟದ್ದು ಸುಮಾರು 3,500 ಕೋಟಿ ಟನ್. ಕಾಡು ಕಡಿದು ನೆಲದ ಬಳಕೆ ಬದಲಿಸಿದ್ದನ್ನೂ ಸೇರಿಸಿದರೆ 4,000 ಕೋಟಿ ಟನ್ನಿಗೆ ಹತ್ತಿರ. ಕಾಡು ಕಡಿದ ಲೆಕ್ಕದಲ್ಲಿ ಅಂದಾಜು ಜಾಸ್ತಿ, ಅದನ್ನು ಒಪ್ಪಬೇಕು. ಇಂಧನದ ಲೆಕ್ಕ ಹಾಗಲ್ಲ. ಕಲ್ಲಿದ್ದಲು ಅಗೆದವರಿಗೂ ಸಾಗಿಸಿದವರಿಗೂ ತೆರಿಗೆ ಹಾಕಿದವರಿಗೂ ಟನ್ನುಗಳ ಲೆಕ್ಕ ಬೇಕೇಬೇಕು. ಇಂಗಾಲ ಸುಟ್ಟರೆ ಎಷ್ಟು ಅನಿಲ ಹುಟ್ಟುತ್ತದೆ ಎಂಬುದು ಶಾಲೆಯ ರಸಾಯನಶಾಸ್ತ್ರ: 12 ಗ್ರಾಂ ಇಂಗಾಲಕ್ಕೆ 44 ಗ್ರಾಂ. ಅಡುಗೆಮನೆಯ 14.2 ಕೆಜಿ ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ಅದರಿಂದ ಸುಮಾರು 42 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿರುತ್ತದೆ.

ಈಗ ಲೆಕ್ಕ ನೋಡಿ. ಮನೆಮಂದಿಗೆಲ್ಲ ಒಂದೇ ಬ್ಯಾಂಕ್ ಖಾತೆ ಎಂದುಕೊಳ್ಳಿ. ನೀವು ತಿಂಗಳಿಗೆ 4,000 ರೂಪಾಯಿ ಹಾಕುತ್ತೀರಿ. ತಿಂಗಳ ಕೊನೆಗೆ ಖಾತೆಯಲ್ಲಿ ಹೆಚ್ಚಾಗುವುದು 1,900 ಮಾತ್ರ. ಉಳಿದವರು ಎಷ್ಟು ಹಾಕಿದರು, ಎಷ್ಟು ತೆಗೆದರು ಎಂಬ ವಿವರ ಗೊತ್ತಿಲ್ಲದಿದ್ದರೂ ಒಂದು ಮಾತು ಖಚಿತ: ಅವರೆಲ್ಲ ಸೇರಿ ಹಾಕಿದ್ದಕ್ಕಿಂತ ತೆಗೆದದ್ದೇ ಹೆಚ್ಚು. ಖಾತೆ ಬೆಳೆದದ್ದಕ್ಕೆ ಅವರು ಕಾರಣರಲ್ಲ. ಇಲ್ಲಿ ಉಳಿದವರೆಂದರೆ ಸಮುದ್ರ ಮತ್ತು ನೆಲದ ಹಸಿರು. ನಾವು ಬಿಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವು ಹೆಚ್ಚುಕಡಿಮೆ ಸಮನಾಗಿ ಹಂಚಿಕೊಂಡು ಒಳಗೆಳೆದುಕೊಳ್ಳುತ್ತಿವೆ.

ಪ್ರಕೃತಿಯ ವಹಿವಾಟು ನಮ್ಮದಕ್ಕಿಂತ ಹತ್ತಾರು ಪಟ್ಟು ದೊಡ್ಡದು, ಅದರೆದುರು ನಮ್ಮದು ಯಾವ ಲೆಕ್ಕ ಎಂಬ ವಾದ ಇಲ್ಲೇ ಜಾರುವುದು. ಎಲೆ, ಮಣ್ಣು, ಸಮುದ್ರ ವರ್ಷವಿಡೀ ಕೊಡುವುದೂ ಕೊಳ್ಳುವುದೂ ಅಗಾಧ, ನಿಜ. ಆದರೆ ಶಿಲ್ಕು ಹೇಳುವುದು ಕೊಟ್ಟದ್ದಕ್ಕೂ ಕೊಂಡದ್ದಕ್ಕೂ ಇರುವ ಅಂತರವನ್ನು. ಸಾವಿರಾರು ವರ್ಷ ಆ ಅಂತರ ಸೊನ್ನೆಗೆ ಹತ್ತಿರವಿತ್ತು, ಅಂಕಿ 280ರ ಸುತ್ತಮುತ್ತಲೇ ನಿಂತಿತ್ತು.

ಸಮುದ್ರದ ಮೇಲಿನ ಅನುಮಾನವನ್ನು ಹವಾಯಿಯಲ್ಲೇ ಪರೀಕ್ಷಿಸಲಾಗಿದೆ. ಒವಾಹು ದ್ವೀಪದ ಉತ್ತರಕ್ಕೆ ಅಲೋಹ ಎಂಬ ಸಾಗರ ಕೇಂದ್ರದಲ್ಲಿ 1988ರಿಂದ ನೀರಿನ ರಸಾಯನವನ್ನು ಅಳೆಯುತ್ತಿದ್ದಾರೆ. ಸಮುದ್ರ ಇಂಗಾಲ ಉಗುಳುತ್ತಿದ್ದರೆ ನೀರಿನಲ್ಲಿ ಅದು ಕಡಿಮೆಯಾಗಬೇಕಿತ್ತು. ಆಗಿರುವುದು ಉಲ್ಟಾ: ನೀರಿನಲ್ಲೂ ಇಂಗಾಲ ಏರುತ್ತಿದೆ, ಪಿಎಚ್ ಇಳಿಯುತ್ತಿದೆ, ಅಂದರೆ ನೀರು ಹೆಚ್ಚು ಆಮ್ಲೀಯವಾಗುತ್ತಿದೆ. ಹಿಮಯುಗ ಮುಗಿಯುವಾಗ ಬಿಸಿಯಾದ ಸಮುದ್ರ ಇಂಗಾಲ ಬಿಟ್ಟದ್ದು ಉಂಟಲ್ಲ ಎಂದು ಕೇಳಿದರೆ, ಉಂಟು. ಆಗ ಭೂಮಿ ಸುಮಾರು 5 ಡಿಗ್ರಿ ಬಿಸಿಯಾಯಿತು, ಗಾಳಿಯಲ್ಲಿ 100 ಪಿಪಿಎಂನಷ್ಟು ಏರಿತು, ಅದಕ್ಕೆ ಸಾವಿರಾರು ವರ್ಷ ಹಿಡಿಯಿತು. ಈಗ ಒಂದು ಡಿಗ್ರಿಗಿಂತ ತುಸು ಹೆಚ್ಚು ಬಿಸಿಗೆ, ಎರಡು ಶತಮಾನಗಳೊಳಗೆ, 140 ಪಿಪಿಎಂ. ಹಳೆಯ ದಾರಿಯಲ್ಲಿ ಈ ಅಂಕಿ ಹುಟ್ಟುವುದಿಲ್ಲ.

ಜ್ವಾಲಾಮುಖಿಗಳ ವಿಷಯ ಬೇಗ ಮುಗಿಯುತ್ತದೆ. ಎಲ್ಲ ಸೇರಿ ವರ್ಷಕ್ಕೆ ಬಿಡುವುದು ನಮ್ಮ ಪಾಲಿನ ನೂರರಲ್ಲಿ ಒಂದು ಭಾಗದ ಆಸುಪಾಸು. 1991ರಲ್ಲಿ ಫಿಲಿಪೀನ್ಸಿನ ಪಿನಟುಬೊ ಜ್ವಾಲಾಮುಖಿ ಸಿಡಿಯಿತು. ಅದರ ಮರುವರ್ಷ ಗಾಳಿಯಲ್ಲಿ ಇಂಗಾಲ ಏರುವ ವೇಗ ಹೆಚ್ಚಲಿಲ್ಲ, ಕುಗ್ಗಿತು.

ಇಂಗಾಲದ ಮೇಲಿನ ಗುರುತು

ಲೆಕ್ಕ ಒಂದು ಕಡೆಯಿರಲಿ. ಗಾಳಿಯಲ್ಲಿರುವ ಇಂಗಾಲವನ್ನೇ ಹಿಡಿದು ನೋಡಿದರೆ ಅದು ಎಲ್ಲಿಯದು ಎಂದು ತಿಳಿಯುತ್ತದೆಯೇ? ಬಹುಪಾಲು ತಿಳಿಯುತ್ತದೆ.

ಇಂಗಾಲದಲ್ಲಿ ನೂರಕ್ಕೆ ಸುಮಾರು 99 ಭಾಗ ಇಂಗಾಲ-12, 1 ಭಾಗ ತುಸು ಭಾರವಾದ ಇಂಗಾಲ-13. ದ್ಯುತಿಸಂಶ್ಲೇಷಣೆಯಲ್ಲಿ ಗಿಡಗಳು ಹಗುರವಾದದ್ದನ್ನೇ ಹೆಚ್ಚು ಆರಿಸಿಕೊಳ್ಳುತ್ತವೆ. (ಎಲ್ಲ ಗಿಡಗಳೂ ಒಂದೇ ಸಮ ಅಲ್ಲ. ಭತ್ತ ಚೆನ್ನಾಗಿ ಆರಿಸುತ್ತದೆ, ರಾಗಿ, ಜೋಳ, ಕಬ್ಬು ಅಷ್ಟಾಗಿ ಆರಿಸುವುದಿಲ್ಲ. ಕಲ್ಲಿದ್ದಲಾದ ಪುರಾತನ ಕಾಡು ಈ ವಿಷಯದಲ್ಲಿ ಭತ್ತದ ಬಳಗದ್ದು.) ಹಾಗಾಗಿ ಗಿಡದಿಂದಾದ ಕಲ್ಲಿದ್ದಲಿನಲ್ಲೂ ಸಮುದ್ರಜೀವಿಗಳಿಂದಾದ ಎಣ್ಣೆಯಲ್ಲೂ ಇಂಗಾಲ-13 ಕಡಿಮೆ. ಅವನ್ನು ಸುಟ್ಟಷ್ಟೂ ಗಾಳಿಯಲ್ಲಿ ಅದರ ಪಾಲು ಕುಗ್ಗಬೇಕು. ಅಳೆಯುವವರು ಬಳಸುವ, ಒಂದು ನಿಗದಿತ ಮಾದರಿಗಿಂತ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದು ಹೇಳುವ ಮಾನದಲ್ಲಿ ಅದು ಕಾರ್ಖಾನೆಗಳ ಕಾಲಕ್ಕೆ ಮುಂಚಿನ ಮೈನಸ್ 6.4ರ ಹತ್ತಿರದಿಂದ ಈಗ ಮೈನಸ್ 8.5ರ ಹತ್ತಿರಕ್ಕೆ ಇಳಿದಿದೆ. ಸಮುದ್ರದ್ದೋ ಜ್ವಾಲಾಮುಖಿಯದೋ ಇಂಗಾಲ ಬಂದಿದ್ದರೆ ಇಷ್ಟು ಇಳಿಯುತ್ತಿರಲಿಲ್ಲ.

ಆದರೆ ಇಂಗಾಲ-13 ಒಂದನ್ನೇ ಹಿಡಿದು ತೀರ್ಪು ಕೊಡಬಾರದು. ಇಂದು ಕಡಿದು ಸುಟ್ಟ ಮರವೂ ಇದೇ ಗುರುತು ಬಿಡುತ್ತದೆ. ಮರವನ್ನೂ ಕಲ್ಲಿದ್ದಲನ್ನೂ ಬೇರೆ ಮಾಡುವುದು ಇಂಗಾಲ-14. ಅದು ವಿಕಿರಣಶೀಲ, 5,730 ವರ್ಷಕ್ಕೆ ಅರ್ಧವಾಗುತ್ತದೆ. ಜೀವಂತ ಮರದಲ್ಲಿ ಇರುತ್ತದೆ, ಕೋಟ್ಯಂತರ ವರ್ಷ ಹೂತಿದ್ದ ಕಲ್ಲಿದ್ದಲಿನಲ್ಲಿ ಒಂದಿಷ್ಟೂ ಉಳಿದಿರುವುದಿಲ್ಲ. ವಿಜ್ಞಾನಿ ಹಾನ್ಸ್ ಸ್ಯೂಸ್ 1955ರಲ್ಲೇ ಮರದ ಉಂಗುರಗಳಲ್ಲಿ ಇಂಗಾಲ-14 ತೆಳುವಾಗುತ್ತಿರುವುದನ್ನು ತೋರಿಸಿದರು. ಅದಾದ ಮೇಲೆ ಲೆಕ್ಕ ಸ್ವಲ್ಪ ಗೋಜಲಾಯಿತು. ಬಯಲಿನಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ 1960ರ ದಶಕದ ಮೊದಲ ಭಾಗದಲ್ಲಿ ಉತ್ತರ ಗೋಳಾರ್ಧದ ಗಾಳಿಯಲ್ಲಿ ಇಂಗಾಲ-14 ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆ ಉಬ್ಬರ ಸಮುದ್ರಕ್ಕೂ ಮರಗಳಿಗೂ ಹಂಚಿಹೋಗಲು ದಶಕಗಳೇ ಬೇಕಾದವು. ಈಗ ಉಬ್ಬರ ಇಳಿದಿದೆ, ಪಳೆಯುಳಿಕೆ ಇಂಧನದಿಂದಾಗುವ ಇಳಿತ ಮತ್ತೆ ನೇರವಾಗಿ ಕಾಣುತ್ತಿದೆ.

ಆಮ್ಲಜನಕ ಕಡಿಮೆಯಾಗುತ್ತಿದೆ

ಕೀಲಿಂಗ್ ಅವರ ಮಗ ರಾಲ್ಫ್ ಕೀಲಿಂಗ್ 1980ರ ದಶಕದ ಕೊನೆಯಲ್ಲಿ ಹಿಡಿದ ಕೆಲಸ ಇನ್ನೂ ಕಷ್ಟದ್ದು. ಗಾಳಿಯಲ್ಲಿ ಆಮ್ಲಜನಕ ಸುಮಾರು 2,09,500 ಪಿಪಿಎಂ. ಅದರಲ್ಲಿ ವರ್ಷಕ್ಕೆ ಆಗುವ ನಾಲ್ಕು ಪಿಪಿಎಂ ಆಸುಪಾಸಿನ ಬದಲಾವಣೆಯನ್ನು ಹಿಡಿಯಬೇಕು. ಸುಡುವುದಕ್ಕೆ ಆಮ್ಲಜನಕ ಬೇಕೇಬೇಕು: ಆ 14.2 ಕೆಜಿ ಸಿಲಿಂಡರ್ ಉರಿಯಲು ಸುಮಾರು 51 ಕೆಜಿ ಆಮ್ಲಜನಕ ಖರ್ಚಾಗುತ್ತದೆ. ಇಂಗಾಲದ ಡೈಆಕ್ಸೈಡ್ ಸಮುದ್ರದಿಂದಲೋ ಜ್ವಾಲಾಮುಖಿಯಿಂದಲೋ ಬಂದಿದ್ದರೆ ಅದು ಸಿದ್ಧರೂಪದಲ್ಲೇ ಬರುತ್ತಿತ್ತು, ಗಾಳಿಯ ಆಮ್ಲಜನಕಕ್ಕೆ ಕೈ ಹಾಕುತ್ತಿರಲಿಲ್ಲ. ಅಳತೆಯಲ್ಲಿ ಆಮ್ಲಜನಕ ವರ್ಷವರ್ಷವೂ ಇಳಿಯುತ್ತಿದೆ. (ಉಸಿರಾಟಕ್ಕೆ ಭಯವಿಲ್ಲ, ಇರುವುದರ ಮುಂದೆ ಇದು ತೀರಾ ಸಣ್ಣ ಪಾಲು.)

ಈ ಸಾಕ್ಷಿಯಿಂದ ಇನ್ನೊಂದು ವಿಷಯವೂ ತೀರ್ಮಾನವಾಗುತ್ತದೆ. ಸುಟ್ಟ ಇಂಧನಕ್ಕೆ ಎಷ್ಟು ಆಮ್ಲಜನಕ ಹೋಗಬೇಕಿತ್ತು ಎಂದು ಲೆಕ್ಕ ಹಾಕಿದರೆ, ನಿಜವಾಗಿ ಇಳಿದದ್ದು ಅದಕ್ಕಿಂತ ತುಸು ಕಡಿಮೆ. ಅಂದರೆ ನೆಲದ ಹಸಿರು ಒಟ್ಟಿನಲ್ಲಿ ಆಮ್ಲಜನಕ ಕೊಡುತ್ತಿದೆ, ಇಂಗಾಲ ಹೀರುತ್ತಿದೆ. ಕೊಳೆಯುವ ಕಾಡಿನ ಮೇಲಿದ್ದ ಅನುಮಾನವೂ ಅಲ್ಲಿಗೆ ಹೋಯಿತು.

ಲಾಕ್‌ಡೌನ್ ವರ್ಷದ ಗೊಂದಲ

2020ರಲ್ಲಿ ರಸ್ತೆಗಳೆಲ್ಲ ಖಾಲಿ, ವಿಮಾನಗಳು ನೆಲದ ಮೇಲೆ. ಆದರೂ ಮೌನಾ ಲೋವಾದ ಅಂಕಿ ಎಂದಿನಂತೆ ಏರಿತು. ಮನುಷ್ಯ ಕಾರಣನಲ್ಲ ಎಂಬುದಕ್ಕೆ ಇದೇ ಸಾಕ್ಷಿ ಎಂದು ಬಹಳ ಜನ ನಂಬಿದರು. ಮೇಲಿನ ಅಂಕಿಗಳನ್ನೇ ಹಾಕಿ ನೋಡಿ. ಆ ವರ್ಷ ಇಂಧನದ ಹೊಗೆ ಇಳಿದದ್ದು ನೂರಕ್ಕೆ ಐದರಷ್ಟು, ಅಂದರೆ ಸುಮಾರು 190 ಕೋಟಿ ಟನ್. 780ರಿಂದ ಭಾಗಿಸಿದರೆ ಕಾಲು ಪಿಪಿಎಂ. ಅದರಲ್ಲೂ ಗಾಳಿಯಲ್ಲಿ ಉಳಿಯುವುದು ಅರ್ಧ, ಆದ್ದರಿಂದ ಕಾಣಬೇಕಾದ ವ್ಯತ್ಯಾಸ 0.12 ಪಿಪಿಎಂ. ಎಲ್ ನಿನೋ ಬಂದರೆ, ಮಳೆ ತಪ್ಪಿ ಕಾಡು ಒಣಗಿದರೆ, ಏರಿಕೆಯ ವೇಗದಲ್ಲಿ ಒಂದು ಪಿಪಿಎಂನಷ್ಟು ಹೆಚ್ಚುಕಮ್ಮಿ ತಾನಾಗಿಯೇ ಆಗುತ್ತದೆ. ಅದರಲ್ಲಿ 0.12 ಮುಚ್ಚಿಹೋಗುತ್ತದೆ. ನಲ್ಲಿಯನ್ನು ನೂರಕ್ಕೆ ಐದು ಪಾಲು ತಿರುಗಿಸಿ ಕಡಿಮೆ ಮಾಡಿದರೆ ತೊಟ್ಟಿ ಖಾಲಿಯಾಗುವುದಿಲ್ಲ, ತುಂಬುವುದು ತುಸು ನಿಧಾನವಾಗುತ್ತದೆ ಅಷ್ಟೆ.

ಇಂಗಾಲದಿಂದ ಬಿಸಿಗೆ

ಈ ಅನಿಲ ಶಾಖ ತಡೆಯುತ್ತದೆ ಎಂದು ಜಾನ್ ಟಿಂಡಲ್ 1859ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಹೆಚ್ಚಾದ ಇಂಗಾಲದಿಂದ ನೆಲಕ್ಕೆ ಮರಳಿ ಬರುವ ಶಾಖವನ್ನು ಈಗ ನೇರವಾಗಿಯೇ ಅಳೆದಿದ್ದಾರೆ: ಅಮೆರಿಕದ ಒಕ್ಲಹೋಮ ಮತ್ತು ಅಲಾಸ್ಕದ ಕೇಂದ್ರಗಳಲ್ಲಿ 2000ದಿಂದ 2010ರವರೆಗೆ ಅದು ಚದರ ಮೀಟರಿಗೆ 0.2 ವ್ಯಾಟ್ ಏರಿತು. ಸೂರ್ಯ ಹೆಚ್ಚು ಉರಿದದ್ದೇ ಕಾರಣವಾಗಿದ್ದರೆ ವಾತಾವರಣದ ಮೇಲು ಪದರವಾದ ಸ್ಟ್ರಾಟೊಸ್ಫಿಯರ್ ಕೂಡ ಬಿಸಿಯಾಗಬೇಕಿತ್ತು. ಕೆಳಗೆ ಬಿಸಿಯಾಗುತ್ತಿದ್ದರೂ ಅದು ತಣ್ಣಗಾಗಿದೆ. ಇಂಗಾಲ ಏರಿದರೆ ಹೀಗಾಗುತ್ತದೆ ಎಂದು ಹವಾಮಾನ ವಿಜ್ಞಾನಿಗಳಾದ ಮನಾಬೆ ಮತ್ತು ವೆಥರಾಲ್ಡ್ 1967ರಲ್ಲೇ ಲೆಕ್ಕ ಹಾಕಿದ್ದರು. 1978ರಿಂದ ಉಪಗ್ರಹಗಳು ಸೂರ್ಯನನ್ನೂ ನೋಡುತ್ತಿವೆ. ಅದರ ಹನ್ನೊಂದು ವರ್ಷದ ಏರಿಳಿತ ಬಿಟ್ಟರೆ ನಿರಂತರ ಏರಿಕೆ ಅಲ್ಲಿಲ್ಲ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿಯಾದ ಐಪಿಸಿಸಿಯ 2021ರ ವರದಿ 1850–1900ರ ಸರಾಸರಿಗೆ ಹೋಲಿಸಿ 2010–2019ರ ದಶಕದಲ್ಲಿ ಮನುಷ್ಯನಿಂದಾದ ಬಿಸಿಯನ್ನು 1.07 ಡಿಗ್ರಿ ಎಂದು ಲೆಕ್ಕ ಹಾಕಿದೆ, 0.8ರಿಂದ 1.3ರವರೆಗಿನ ಅಂತರ ಇಟ್ಟುಕೊಂಡು. ಅಳೆದ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಸೂರ್ಯ ಮತ್ತು ಜ್ವಾಲಾಮುಖಿಗಳ ಪಾಲು ಸೊನ್ನೆಯ ಅಕ್ಕಪಕ್ಕ.

ನಮ್ಮ ಕಡೆಯ ಅಳತೆ

ಹೀಗೆ ಎಚ್ಚರದಿಂದ ಅಳೆಯುವ ಕೆಲಸ ನಮ್ಮ ಸುತ್ತಲೂ ನಡೆದಿದೆ. ಕಾರವಾರಕ್ಕೆ ಉತ್ತರದಲ್ಲಿರುವ ಗೋವಾದ ಕೇಪ್ ರಾಮಾದಲ್ಲಿ 1993ರಿಂದ ಗಾಜಿನ ಬುದ್ದಲಿಗಳಲ್ಲಿ ಗಾಳಿ ತುಂಬಿ ಪರೀಕ್ಷೆಗೆ ಕಳಿಸುತ್ತಿದ್ದರು. ಮುಂಗಾರಿನಲ್ಲಿ ಅಲ್ಲಿಗೆ ಬರುವುದು ಅರಬ್ಬಿ ಸಮುದ್ರ ದಾಟಿದ ಸ್ವಚ್ಛ ಗಾಳಿ, ಚಳಿಗಾಲದಲ್ಲಿ ಭೂಭಾಗದ ಹೊಗೆ ಹೊತ್ತ ಗಾಳಿ. ಒಂದೇ ಜಾಗದಲ್ಲಿ ನಿಂತು ಎರಡನ್ನೂ ಅಳೆಯಬಹುದು. ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇರುವೆಡೆ, ಫ್ರಾನ್ಸಿನ ವಿಜ್ಞಾನಿಗಳ ಜೊತೆಗೂಡಿ ಇಂಥದೇ ಅಳತೆ ನಡೆಸಿದ್ದಾರೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಣ್ಣದೊಂದು ಇಂಗಾಲದ ಸೆನ್ಸರ್ ಕೊಂಡು ಮನೆಯಲ್ಲೇ ನೋಡಬಹುದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕೊಠಡಿಯ ಗಾಳಿ ಎಷ್ಟು ಕೆಟ್ಟಿದೆ ಎಂದು ತಿಳಿಯಲು ಅದು ಸಾಕು, ಭೂಮಿಯ ಗಾಳಿ ತಿಳಿಯಲು ಸಾಲದು. ನಾವು ಬಿಡುವ ಉಸಿರಿನಲ್ಲೇ ಸುಮಾರು 40,000 ಪಿಪಿಎಂ ಇರುತ್ತದೆ, ಹತ್ತಿರ ಹೋಗಿ ನೋಡಿದರೂ ಅಂಕಿ ಜಿಗಿಯುತ್ತದೆ. ಇಂಥ ಸೆನ್ಸರ್‌ಗಳ ತಪ್ಪು 50 ಪಿಪಿಎಂನಷ್ಟಿರುವುದು ಸಾಮಾನ್ಯ, ಅದು ಇಪ್ಪತ್ತು ವರ್ಷದ ಏರಿಕೆಗೆ ಸಮ. ಎಲ್ಲಕ್ಕಿಂತ ಮುಖ್ಯ, ಹಲವು ಸೆನ್ಸರ್‌ಗಳಲ್ಲಿ ತಾನಾಗಿ ಸರಿಮಾಡಿಕೊಳ್ಳುವ ವ್ಯವಸ್ಥೆ ಚಾಲೂ ಇಟ್ಟೇ ಮಾರುತ್ತಾರೆ. ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನು ಅದು ಹೊರಗಿನ ಶುದ್ಧ ಗಾಳಿ ಎಂದುಕೊಂಡು 400ಕ್ಕೆ ತಂದು ಕೂರಿಸುತ್ತದೆ. ಹೊರಗಿನ ಗಾಳಿ 424 ಆಗಲಿ 450 ಆಗಲಿ, ಅದರ ಪಾಲಿಗೆ ಎಂದೆಂದಿಗೂ 400. ಕೊಂಡರೆ ಮೊದಲು ಆ ವ್ಯವಸ್ಥೆಯನ್ನು ನಿಲ್ಲಿಸಿ, ಪ್ರಮಾಣ ಗೊತ್ತಿರುವ ಸಿಲಿಂಡರ್ ಇರುವ ಪ್ರಯೋಗಾಲಯಕ್ಕೆ ಒಯ್ದು ಹೊಂದಿಸಿಕೊಳ್ಳಬೇಕು.

2022ರ ನವೆಂಬರ್ ಕೊನೆಯಲ್ಲಿ ಮೌನಾ ಲೋವಾ ಮತ್ತೆ ಸಿಡಿದಾಗ ಲಾವಾ ಹರಿದು ವೀಕ್ಷಣಾಲಯದ ರಸ್ತೆಯೂ ವಿದ್ಯುತ್ ತಂತಿಯೂ ಕಡಿದುಹೋದವು. ಕೆಲವೇ ದಿನಗಳಲ್ಲಿ ಅಳತೆಯನ್ನು ಎದುರಿನ ಮೌನಾ ಕೇಯಾ ಬೆಟ್ಟದ ಮೇಲೆ ಮುಂದುವರಿಸಿದರು. 2023ರ ಮಾರ್ಚ್ ಹೊತ್ತಿಗೆ ಸೌರಫಲಕಗಳ ವಿದ್ಯುತ್ತಿನಿಂದ ಹಳೆಯ ಜಾಗದಲ್ಲೂ ಯಂತ್ರ ಶುರುವಾಯಿತು. ಆ ಮೇ ತಿಂಗಳ ಸರಾಸರಿ 424 ಪಿಪಿಎಂ, ಹಿಂದಿನ ಮೇಗಿಂತ ಸುಮಾರು 3 ಹೆಚ್ಚು.